ಮಳೆಗಾಲದ ನಲ್ಲಿ ನೀರು: ಬಣ್ಣ ನೋಡಿ ಹೆದರಬೇಡಿ, ಬಣ್ಣ ನೋಡಿ ನಂಬಲೂ ಬೇಡಿ

ಕಕ್ಕಡದ (ಜುಲೈ ನಡುವಿಗೆ ಶುರುವಾಗುವ ಕೊಡವ ತಿಂಗಳು) ಮಳೆ ಹಿಡಿದು ನಾಲ್ಕು ದಿನವಾದರೆ ಸಾಕು, ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಬಕೆಟ್ಟಿನ ಫೋಟೋಗಳು ಓಡಾಡಲು ಶುರುವಾಗುತ್ತವೆ. ಬಿಳಿ ಬಕೆಟ್ಟು, ಅದರೊಳಗೆ ಹಾಲು ಕಮ್ಮಿಯಾದ ಚಹಾದ ಬಣ್ಣದ ನೀರು. ಕೆಳಗೆ ಒಂದೇ ಸಾಲು: "ನಮ್ಮ ಬೀದಿಗೆ ಇವತ್ತು ಬಿಟ್ಟ ನೀರು ನೋಡಿ, ಇದನ್ನ ಕುಡಿಯೋದು ಹೇಗೆ?" ಉತ್ತರಗಳೂ ಪ್ರತಿ ವರ್ಷ ಎರಡೇ ಬಗೆ. "ಮಳೆಗಾಲ ಅಲ್ವಾ, ಹೊಳೆ ಕೆಂಪಾಗಿದೆ, ಎರಡು ದಿನದಲ್ಲಿ ಸರಿಹೋಗುತ್ತೆ" ಎನ್ನುವವರು ಕೆಲವರು. "ಇದು ವಿಷ, ಬಾಯಿಗೆ ಹಾಕಬೇಡಿ, ಕ್ಯಾನ್ ನೀರು ತರಿಸಿ" ಎನ್ನುವವರು ಇನ್ನು ಕೆಲವರು.

ಇಬ್ಬರೂ ನೋಡುತ್ತಿರುವುದು ಬಣ್ಣವನ್ನೇ. ಫೆಬ್ರವರಿಯಲ್ಲಿ ಕನ್ನಡಿಯ ಹಾಗೆ ತಿಳಿಯಾಗಿ ಬರುವ ನೀರಿನ ಫೋಟೋವನ್ನು ಯಾರೂ ಹಾಕುವುದಿಲ್ಲ. ಕಾಯಿಲೆ ತರುವುದು ಎಷ್ಟೋ ಸಲ ಆ ತಿಳಿ ನೀರೇ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ವಾಂತಿಭೇದಿ ಹರಡಿ ಜನ ಪ್ರಾಣ ಕಳೆದುಕೊಂಡಾಗ ಎಲ್ಲರ ಬೊಟ್ಟು ಕುಡಿಯುವ ನೀರಿನ ಕಡೆಗೇ ಹೋಯಿತು. ಅದಾದ ಮೇಲೆ ಸಣ್ಣ ಊರುಗಳಲ್ಲಿ ಕೆಂಪು ನೀರು ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ನಮ್ಮ ನಲ್ಲಿಯಲ್ಲಿ ಬರುವ ನೀರನ್ನು ನಂಬಬಹುದೇ? ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಹೊಳೆಯಿಂದ ನಿಮ್ಮ ಲೋಟದವರೆಗೆ ನೀರು ದಾಟುವ ಹಂತಗಳು ಹಲವು, ಯಾವ ಹಂತ ಕೈಕೊಟ್ಟಿದೆ ಎನ್ನುವುದರ ಮೇಲೆ ಉತ್ತರ ನಿಂತಿದೆ.

ಕೆಂಪು ಬರುವುದು ಎಲ್ಲಿಂದ?

ಮಡಿಕೇರಿಗೆ ಮುಖ್ಯವಾಗಿ ಕೂಟುಹೊಳೆಯ ನೀರು. ವಿರಾಜಪೇಟೆಗೆ ಬೇತ್ರಿಯಲ್ಲಿ ಕಾವೇರಿಯಿಂದ ಎತ್ತಿದ ನೀರು. ಕುಶಾಲನಗರವಂತೂ ಕಾವೇರಿಯ ದಡದಲ್ಲೇ ಕೂತ ಊರು. ಇದೆಲ್ಲ ಮೇಲ್ಮೈ ನೀರು. ಅಂದರೆ ಮಳೆ ಬಿದ್ದು, ನೆಲದ ಮೇಲೆ ಹರಿದು, ತೋಡು ಸೇರಿ, ತೋಡು ಹೊಳೆ ಸೇರಿ ಬಂದದ್ದು. ಬಾವಿ, ಬೋರ್‌ವೆಲ್ಲಿನ ನೀರು ಹಾಗಲ್ಲ, ಅದು ಮಣ್ಣಿನ ಪದರಗಳಲ್ಲಿ ನಿಧಾನವಾಗಿ ಇಳಿದು ಸೋಸಿಕೊಂಡು ಬರುತ್ತದೆ. ಹೊಳೆಗೆ ಅಷ್ಟು ಪುರುಸೊತ್ತಿಲ್ಲ. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡೇ ಬರುತ್ತದೆ.

ನಮ್ಮ ಮಣ್ಣು ಕೆಂಪು, ಏಕೆಂದರೆ ಅದರಲ್ಲಿ ಕಬ್ಬಿಣದ ಆಕ್ಸೈಡ್ ಇದೆ. ಸರಳವಾಗಿ ಹೇಳುವುದಾದರೆ ತುಕ್ಕಿನ ಬಣ್ಣವೇ. ಈ ಮಣ್ಣಿನ ಅತಿ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಾ ಉಳಿದಾಗ ನೀರು ಕೆಂಪಾಗಿ ಕಾಣುತ್ತದೆ. ಆ ಮಣ್ಣೇ ಹೊಟ್ಟೆ ಕೆಡಿಸುವುದಿಲ್ಲ. ಅದರ ಜೊತೆಗೆ ಬರುವುದು ಕೆಡಿಸುತ್ತದೆ. ಬೇಸಿಗೆಯಿಡೀ ತೋಟದ ಬದಿಯಲ್ಲಿ, ತೋಟದ ಕೆಲಸಗಾರರ ಲೈನ್ ಮನೆಗಳ ಹಿಂದೆ, ಕೊಟ್ಟಿಗೆಯ ಸುತ್ತ, ಒಸರುವ ಶೌಚದ ಗುಂಡಿಗಳ ಬಳಿ ಬಿದ್ದದ್ದೆಲ್ಲ ಮೊದಲ ಜೋರು ಮಳೆಗೆ ಒಟ್ಟಿಗೆ ಹೊಳೆಗಿಳಿಯುತ್ತದೆ. ಹಾಗಾಗಿ ಕೆಂಪು ಬಣ್ಣವನ್ನು ಒಂದು ಸುದ್ದಿ ಎಂದು ತಿಳಿದರೆ ಸಾಕು: ಮೇಲಿನಿಂದ ಏನೋ ತೊಳೆದುಕೊಂಡು ಬರುತ್ತಿದೆ ಎನ್ನುವ ಸುದ್ದಿ.

ತಿಳಿ ನೀರಿನ ಕಾಲಕ್ಕೂ ಅದರದ್ದೇ ತೊಂದರೆಗಳಿವೆ. ಕಾಫಿ ಕೊಯ್ಲಿನ ಜೊತೆಗೇ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಸುಲಿಯುವ ಕೆಲಸ, ನಡೆಯುವ ತಿಂಗಳುಗಳಲ್ಲಿ ಹೊಳೆಯಲ್ಲಿ ನೀರು ಕಡಿಮೆ. ಹಣ್ಣಿನ ಸಿಪ್ಪೆ, ಅಂಟು ಬೆರೆತ ಪಲ್ಪರ್ ನೀರನ್ನು ತಡೆಗುಂಡಿಯಲ್ಲಿ ನಿಲ್ಲಿಸದೆ ತೋಡಿಗೆ ಬಿಟ್ಟರೆ ಅದು ಕೊಳೆಯುತ್ತಾ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಮುಂದೆ ಹೇಳಲಿರುವ ಕ್ಲೋರಿನ್ನನ್ನೂ ಅದು ಬಿಡುವುದಿಲ್ಲ.

ಇಲ್ಲೊಂದು ಮಾತು. ನದಿ "ಬಿ" ದರ್ಜೆ, "ಸಿ" ದರ್ಜೆ ಎಂದು ಪತ್ರಿಕೆಯಲ್ಲಿ ಓದಿ ಗಾಬರಿಯಾಗುವವರಿದ್ದಾರೆ. ಆ ದರ್ಜೆಗಳು ಹೊಳೆಯ ನೀರಿಗೆ, ನಲ್ಲಿ ನೀರಿಗಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ 100 ಮಿಲಿಲೀಟರಿಗೆ ಒಟ್ಟು ಕೋಲಿಫಾರ್ಮ್ 50ರೊಳಗಿದ್ದರೆ "ಎ", ಅಂದರೆ ಬರೀ ಕ್ರಿಮಿನಾಶ ಮಾಡಿ ಕುಡಿಯಬಹುದಾದ ಮೂಲ. 500ರೊಳಗಿದ್ದರೆ "ಬಿ", ಸ್ನಾನಕ್ಕೆ ಆದೀತು. 5,000ದೊಳಗಿದ್ದರೆ "ಸಿ", ಪೂರ್ತಿ ಶುದ್ಧೀಕರಣ ಮಾಡಿದ ಮೇಲೆ ಕುಡಿಯಲು ಕೊಡಬಹುದು. ನಲ್ಲಿಗೆ ಬರುವಾಗ ಈ ಸಂಖ್ಯೆ ಸೊನ್ನೆಯಾಗಿರಬೇಕು. ಕಾವೇರಿ ನಮಗೆ ತಾಯಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೋಲಿಫಾರ್ಮ್ ತಲಕಾವೇರಿಯ ತೀರ್ಥದ ಲೆಕ್ಕ ಇಡುವುದಿಲ್ಲ.

ಕೋಲಿಫಾರ್ಮ್ ಎಂದರೆ? ಅದು ಒಂದು ಗುಂಪಿನ ಬ್ಯಾಕ್ಟೀರಿಯಾ. ಅದರಲ್ಲಿ ಇ. ಕೋಲಿ ಎನ್ನುವುದು ಮನುಷ್ಯರ, ದನಕರುಗಳ ಕರುಳಿನಲ್ಲಿ ವಾಸಿಸುವಂಥದ್ದು. ಇ. ಕೋಲಿಯ ಹೆಚ್ಚಿನ ಬಗೆಗಳು ತಾವಾಗಿ ಕಾಯಿಲೆ ತರುವುದಿಲ್ಲ. ಆದರೆ ನೀರಿನಲ್ಲಿ ಅದು ಕಂಡಿತೆಂದರೆ ಮಲ ಸೇರಿದೆ ಎಂದೇ ಅರ್ಥ. ಮಲ ಬಂದ ದಾರಿಯಲ್ಲಿ ಟೈಫಾಯ್ಡ್, ಕಾಲರಾ, ಕಾಮಾಲೆಯ ರೋಗಾಣುಗಳೂ ಬರಬಹುದು. ತೋಟದಲ್ಲಿ ಆನೆಯ ಲದ್ದಿ ಕಂಡರೆ ಆನೆ ಎಲ್ಲೋ ಹತ್ತಿರದಲ್ಲೇ ಇದೆ ಎಂದು ನಾವು ಹುಷಾರಾಗುವುದಿಲ್ಲವೇ, ಅಷ್ಟೇ.

ಶುದ್ಧೀಕರಣ ಘಟಕದ ಒಳಗೆ

ಮಣ್ಣಿನ ದಪ್ಪ ಕಣ ಬೇಗ ತಳ ಸೇರುತ್ತದೆ. ಸಣ್ಣವು ಸೇರುವುದಿಲ್ಲ. ಅವುಗಳ ಮೈಮೇಲೆ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತಾ ದಿನಗಟ್ಟಲೆ ತೇಲಾಡುತ್ತವೆ. ಅಲ್ಲಿ ಕೆಲಸಕ್ಕೆ ಬರುವುದು ಆಲಂ, ನಮ್ಮ ಕ್ಷೌರದಂಗಡಿಯಲ್ಲಿ ಮುಖಕ್ಕೆ ಉಜ್ಜುವ ಸ್ಫಟಿಕದ ಸಂಬಂಧಿ. ಅದರಲ್ಲಿರುವ ಅಲ್ಯೂಮಿನಿಯಂ ಧನ ವಿದ್ಯುದಂಶ ಹೊತ್ತಿರುತ್ತದೆ. ಅದು ಬಿದ್ದ ಕೂಡಲೇ ಕಣಗಳ ಜಗಳ ನಿಂತು ಒಂದಕ್ಕೊಂದು ಅಂಟಿ ತೂಕವಾಗಿ ಕೆಳಗಿಳಿಯುತ್ತವೆ.

ಎಷ್ಟು ಆಲಂ ಹಾಕಬೇಕು? ಇದನ್ನು ತಿಳಿಯಲು ಮಾಡುವ ಪರೀಕ್ಷೆಯೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಸಾಲಾಗಿ ಆರು ಗಾಜಿನ ಜಾರು, ಆರರಲ್ಲೂ ಅದೇ ಕೆಂಪು ನೀರು, ಒಂದೊಂದಕ್ಕೆ ಒಂದೊಂದು ಪ್ರಮಾಣದ ಆಲಂ. ಮೇಲಿನಿಂದ ಇಳಿಬಿಟ್ಟ ಚಪ್ಪಟೆ ಅಲಗುಗಳು ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ ತಿರುಗುತ್ತವೆ. ಹತ್ತು ಹದಿನೈದು ನಿಮಿಷ ಕಳೆದಾಗ ಮೂರನೆಯ ಜಾರಿನಲ್ಲಿ ಕಡುಂಬುಟ್ಟಿಗೆ (ನಮ್ಮ ಅಕ್ಕಿ ಕಡುಬಿಗೆ) ಒಡೆದ ಅಕ್ಕಿ ತರಿಯಷ್ಟು ದಪ್ಪದ ಚೂರುಗಳು ಕಾಣಿಸಿಕೊಂಡವು. ಅಲಗು ನಿಂತದ್ದೇ ತಡ, ಅವು ಒಂದರ ಹಿಂದೆ ಒಂದು ತಳಕ್ಕಿಳಿದು ಮೇಲೆ ತಿಳಿ ನೀರು ಉಳಿಯಿತು. ಮೊದಲ ಜಾರು ಇನ್ನೂ ಚಹಾದಂತೆಯೇ ಇತ್ತು. ಆಶ್ಚರ್ಯವೆಂದರೆ ಎಲ್ಲಕ್ಕಿಂತ ಹೆಚ್ಚು ಆಲಂ ಹಾಕಿದ ಆರನೆಯದೂ ಮಸುಕಾಗಿಯೇ ಉಳಿದಿತ್ತು. ಅತಿಯಾದರೆ ಕಣಗಳ ಮೇಲೆ ಈಗ ಧನ ವಿದ್ಯುದಂಶ ತುಂಬಿ ಮತ್ತೆ ದೂರ ತಳ್ಳಲು ಶುರುಮಾಡುತ್ತವಂತೆ. ಹೆಚ್ಚು ಔಷಧಿ ಹಾಕಿದರೆ ಹೆಚ್ಚು ಶುದ್ಧ ಎನ್ನುವ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕೊಡಗಿನ ನೀರಿನಲ್ಲಿ ಇನ್ನೊಂದು ತೊಡಕಿದೆ. ನಮ್ಮದು ಮೆದು ನೀರು. ಸೋಪು ಬೇಗ ನೊರೆ ಬರುತ್ತದೆ, ಪಾತ್ರೆಯಲ್ಲಿ ಬಿಳಿ ಕಲೆ ಕಟ್ಟುವುದಿಲ್ಲ, ಅದೇನೋ ಖುಷಿ. ಆದರೆ ಆಲಂ ಕೆಲಸ ಮಾಡಲು ನೀರಿನಲ್ಲಿ ಸ್ವಲ್ಪ ಕ್ಷಾರದ ಅಂಶ ಬೇಕು. ಮೆದು ನೀರಿನಲ್ಲಿ ಅದು ಕಡಿಮೆ. ಮಳೆಗಾಲದಲ್ಲಿ ಮಳೆನೀರು ಬೆರೆತು ಇನ್ನೂ ಕಡಿಮೆ. ಆಗ ಆಲಂ ಹಾಕಿದಷ್ಟೂ ನೀರು ಹುಳಿಯ ಕಡೆಗೆ ವಾಲುತ್ತದೆಯೇ ಹೊರತು ತರಿ ಕಟ್ಟುವುದಿಲ್ಲ. ಅದಕ್ಕೆ ಸುಣ್ಣ ಸೇರಿಸಿ ಸರಿದೂಗಿಸಬೇಕು. ಹೊಳೆಯ ಬಣ್ಣವೋ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ರಾತ್ರಿ ಮೇಲೆಲ್ಲೋ ಗುಡ್ಡದ ಬರೆ ಕುಸಿದರೆ ಅದರದ್ದೇ ಇನ್ನೊಂದು. ನಿನ್ನೆಯ ಲೆಕ್ಕದಲ್ಲಿ ಇವತ್ತಿನ ನೀರಿಗೆ ಆಲಂ ಹಾಕಿದರೆ ಬಕೆಟ್ಟಿನ ಫೋಟೋ ಖಂಡಿತ.

ತಳಕ್ಕಿಳಿಯದೆ ಉಳಿದದ್ದನ್ನು ಮರಳಿನ ಹಾಸು ಹಿಡಿಯುತ್ತದೆ. ಮರಳು ಕಟ್ಟಿಕೊಂಡಾಗ ನೀರನ್ನು ಕೆಳಗಿನಿಂದ ಮೇಲಕ್ಕೆ ನುಗ್ಗಿಸಿ ತೊಳೆಯಬೇಕು. ಮಳೆಗಾಲದಲ್ಲಿ ಇದನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ, ಮಾಡುವಷ್ಟು ಹೊತ್ತು ಆ ಹಾಸಿನಿಂದ ನೀರಿಲ್ಲ.

ನೀರಿನ ಮಸುಕನ್ನು ಅಳೆಯುವ ಮಾನಕ್ಕೆ ಎನ್‌ಟಿಯು ಎನ್ನುತ್ತಾರೆ. ನೀರಿನ ಮೂಲಕ ಬೆಳಕು ಬಿಟ್ಟಾಗ ಕಣಗಳು ಎಷ್ಟು ಬೆಳಕನ್ನು ಚದುರಿಸುತ್ತವೆ ಎನ್ನುವ ಲೆಕ್ಕ ಅದು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ 2012ರ ಆವೃತ್ತಿಯಂತೆ ಇದು 1ರೊಳಗೆ ಇರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 5ರವರೆಗೆ ಒಪ್ಪಬಹುದು. ಮಸುಕಿಗೆ ಇಷ್ಟು ಕಟ್ಟುನಿಟ್ಟು ಏಕೆಂದರೆ ರೋಗಾಣುಗಳು ಮಣ್ಣಿನ ಕಣಗಳ ಮರೆಯಲ್ಲಿ ಅಡಗುತ್ತವೆ. ಜಿಗಣೆಗೆ ಉಪ್ಪು ತಾಗಿದರೆ ಸಾಯುತ್ತದೆ, ನಿಜ. ಆದರೆ ತರಗೆಲೆಯ ಅಡಿಯಲ್ಲಿ ಕೂತ ಜಿಗಣೆಗೆ ಮೇಲಿನಿಂದ ಉಪ್ಪು ಎರಚಿದರೆ ಏನು ಬಂತು?

ಕ್ಲೋರಿನ್: ದಾರಿಖರ್ಚು ಕಳೆದು ಉಳಿದದ್ದೆಷ್ಟು?

ಕೊನೆಯ ಹಂತ ಕ್ಲೋರಿನ್. ದೊಡ್ಡ ಘಟಕದಲ್ಲಿ ಅನಿಲದ ರೂಪದಲ್ಲಿ, ಸಣ್ಣ ಊರಿನ ಟ್ಯಾಂಕಿನಲ್ಲಿ ಬ್ಲೀಚಿಂಗ್ ಪೌಡರ್ ರೂಪದಲ್ಲಿ. ಎಷ್ಟು ಹಾಕಿದರು ಎನ್ನುವುದಕ್ಕಿಂತ ನಿಮ್ಮ ನಲ್ಲಿಗೆ ಬರುವಾಗ ಎಷ್ಟು ಉಳಿದಿದೆ ಎನ್ನುವುದೇ ಮುಖ್ಯ. ಹೀಗೆ ಎಣಿಸಿ: ಮಗನನ್ನು ಮೈಸೂರಿಗೆ ಕಳಿಸುವಾಗ ಕೈಗೆ ಐನೂರು ರೂಪಾಯಿ ಕೊಟ್ಟಿದ್ದೀರಿ. ಬಸ್ ಚಾರ್ಜು, ಪಿರಿಯಾಪಟ್ಟಣದಲ್ಲಿ ತಿಂಡಿ, ಹುಣಸೂರಿನಲ್ಲಿ ಕಾಫಿ, ಎಲ್ಲ ಕಳೆದು ಮೈಸೂರಿನಲ್ಲಿ ಇಳಿದಾಗ ಜೇಬಿನಲ್ಲಿ ಸ್ವಲ್ಪವಾದರೂ ಇರಬೇಕು. ಕ್ಲೋರಿನ್ನಿಗೂ ದಾರಿಯಲ್ಲಿ ಖರ್ಚುಗಳಿವೆ. ಕೊಳೆತ ಎಲೆಯ ಅಂಶ, ಪಲ್ಪರ್ ನೀರಿನ ಅಂಟು, ಕಬ್ಬಿಣ, ಪೈಪಿನ ಒಳಮೈಗೆ ಕಟ್ಟಿದ ಲೋಳೆ, ಎಲ್ಲವೂ ಒಂದಿಷ್ಟು ತಿನ್ನುತ್ತವೆ. ಇದೆಲ್ಲ ಕಳೆದು ಉಳಿದದ್ದಕ್ಕೆ ಶೇಷ ಕ್ಲೋರಿನ್ ಎಂದು ಹೆಸರು. ನಲ್ಲಿಯಲ್ಲಿ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಎನ್ನುತ್ತದೆ ಮಾನದಂಡ. ಎಷ್ಟು ಕಡಿಮೆ ನೋಡಿ, 5,000 ಲೀಟರಿನ ಟ್ಯಾಂಕರಿನಲ್ಲಿ ಒಂದೇ ಒಂದು ಗ್ರಾಂ. ಆ ಒಂದು ಗ್ರಾಂ ಇದೆ ಎಂದರೆ ದಾರಿಯಲ್ಲಿ ರೋಗಾಣು ಸೇರಿದರೂ ಎದುರಿಸಲು ಏನೋ ಉಳಿದಿದೆ ಎಂದರ್ಥ. ಸೊನ್ನೆ ಎಂದರೆ ಕಾವಲುಗಾರನಿಲ್ಲದ ಗೇಟು.

ಕ್ಲೋರಿನ್ ತಕ್ಷಣ ಕೊಲ್ಲುವುದಿಲ್ಲ, ಸುಮಾರು ಅರ್ಧ ಗಂಟೆಯಾದರೂ ನೀರಿನ ಜೊತೆ ಇರಬೇಕು. ಟ್ಯಾಂಕಿಗೆ ಪೌಡರ್ ಕಲಸಿ ಸುರಿದು ಮರುಗಳಿಗೆಯಲ್ಲೇ ವಾಲ್ವ್ ತೆರೆದರೆ ಮೊದಲ ಬೀದಿಯವರಿಗೆ ಸಿಗುವುದು ವಾಸನೆ ಮಾತ್ರ.

ಇನ್ನು ಬ್ಲೀಚಿಂಗ್ ಪೌಡರ್. ಹೊಸದಾಗಿದ್ದಾಗ ಅದರ ತೂಕದಲ್ಲಿ ಮೂರರಲ್ಲೊಂದು ಭಾಗದಷ್ಟು ಕೆಲಸಕ್ಕೆ ಬರುವ ಕ್ಲೋರಿನ್ ಇರುತ್ತದೆ. ಗಾಳಿ, ತೇವ ತಾಗಿದಂತೆ ಅದು ಇಳಿಯುತ್ತಾ ಹೋಗುತ್ತದೆ. ಬೂಟಿಗೆ ಬೂಷ್ಟು ಹಿಡಿಯುವ, ಉಪ್ಪಿನ ಡಬ್ಬಿ ನೀರಾಗುವ ನಮ್ಮ ಜುಲೈ ತಿಂಗಳಲ್ಲಿ ಬಾಯಿ ತೆರೆದ ಚೀಲದ ಪೌಡರಿನ ಗತಿ ಏನಾಗಬಹುದು ಊಹಿಸಿ. ತೂಕ ಸರಿಯಾಗಿಯೇ ಇರುತ್ತದೆ, ಒಳಗೆ ಬಲ ಇರುವುದಿಲ್ಲ. ಕ್ಲೋರಿನ್ ಹೆಚ್ಚು ಬೇಕಾದ ಕಾಲದಲ್ಲೇ ಅದು ಬೇಗ ಹಾಳಾಗುವುದು ನಮ್ಮ ಹವೆಯ ಕರ್ಮ.

"ನೀರು ಈಜುಕೊಳದ ವಾಸನೆ ಬರುತ್ತೆ" ಎಂದು ದೂರುವವರಿಗೆ: ಸಣ್ಣಗೆ ವಾಸನೆ ಬಂದರೆ ಅದು ಒಳ್ಳೆಯ ಲಕ್ಷಣವೇ. ಒಂದು ಗಂಟೆ ಅಗಲ ಬಾಯಿಯ ಪಾತ್ರೆಯಲ್ಲಿಟ್ಟರೆ ತಗ್ಗುತ್ತದೆ. ಕ್ಲೋರಿನ್ ಸಾವಯವ ಕೊಳೆಯ ಜೊತೆ ಸೇರಿ ಬೇರೆ ರಾಸಾಯನಿಕಗಳು ಆಗುವುದೂ ಹೌದು. ಹಾಗೆಂದು ಕ್ರಿಮಿನಾಶವನ್ನು ಕಡಿಮೆ ಮಾಡಕೂಡದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಪಷ್ಟ ನಿಲುವು. ಕ್ಲೋರಿನ್ನಿಗೆ ಬಗ್ಗದ ಜೀವಿಗಳೂ ಇವೆ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿ ಘಟಕದ ಸೋಸುಹಾಸು ದಾಟಿ ಬಂದು ಸುಮಾರು 4 ಲಕ್ಷ ಮಂದಿಯನ್ನು ಮಲಗಿಸಿತು. ಆ ನೀರಿಗೂ ಕ್ಲೋರಿನ್ ಹಾಕಿದ್ದರು. ಮರಳಿನ ಹಾಸು ಸರಿಯಾಗಿರಬೇಕು ಎನ್ನುವುದು ಇದಕ್ಕೇ.

ಪೈಪಿನೊಳಗೆ ನಡೆಯುವುದು

ಘಟಕದಿಂದ ಹೊರಟಾಗ ಚೆನ್ನಾಗಿದ್ದ ನೀರು ಮನೆ ಸೇರುವಾಗ ಏಕೆ ಕೆಡುತ್ತದೆ? ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇಲ್ಲಿದೆ, ಮತ್ತು ಎಲ್ಲರೂ ಕಡಿಮೆ ಮಾತಾಡುವುದೂ ಇದರ ಬಗ್ಗೆಯೇ.

ನಮ್ಮ ಊರುಗಳಲ್ಲಿ ನೀರು ದಿನವಿಡೀ ಬರುವುದಿಲ್ಲ. ಎರಡು ದಿನಕ್ಕೊಮ್ಮೆಯೋ ಮೂರು ದಿನಕ್ಕೊಮ್ಮೆಯೋ ಒಂದೆರಡು ಗಂಟೆ. ನೀರು ತುಂಬಿ ಒತ್ತಡದಲ್ಲಿ ಹರಿಯುವಾಗ ಪೈಪಿನಲ್ಲಿ ಬಿರುಕಿದ್ದರೆ ನೀರು ಹೊರಗೆ ಚಿಮ್ಮುತ್ತದೆ, ಹೊರಗಿನದು ಒಳಗೆ ಬರಲಾರದು. ವಾಲ್ವ್ ಮುಚ್ಚಿದ ಮೇಲೆ? ಊರು ಗುಡ್ಡದ ಮೇಲಿದ್ದರೆ ಮೇಲಿನ ಬೀದಿಯ ಪೈಪಿನಲ್ಲಿದ್ದ ನೀರು ತಗ್ಗಿನ ಮನೆಗಳ ನಲ್ಲಿಯಿಂದ ಇಳಿದು ಹೋಗುತ್ತದೆ. ಅದು ಇಳಿಯುತ್ತಾ ಹಿಂದಿರುವುದನ್ನು ಎಳೆಯುತ್ತದೆ. ಬ್ಯಾರೆಲಿನಿಂದ ಪೈಪು ಹಾಕಿ ಡೀಸೆಲ್ ಎಳೆದದ್ದನ್ನು ನೋಡಿದವರಿಗೆ ಈ ಎಳೆತ ಗೊತ್ತು. ಆಗ ಅದೇ ಬಿರುಕು ಬಾಯಿಯಾಗುತ್ತದೆ, ಸುತ್ತ ನಿಂತ ನೀರು ಒಳಗೆ ಬರುತ್ತದೆ.

ಸುತ್ತ ನಿಂತ ನೀರು ಯಾವುದು ಎಂದು ನೋಡಲು ದೂರ ಹೋಗಬೇಕಿಲ್ಲ. ನಿಮ್ಮ ಮನೆಗೆ ಬರುವ ಅರ್ಧ ಇಂಚಿನ ಪೈಪು ರಸ್ತೆಬದಿಯ ಚರಂಡಿಯನ್ನು ಹೇಗೆ ದಾಟುತ್ತದೆ, ಒಮ್ಮೆ ಬಗ್ಗಿ ನೋಡಿ. ಹೆಚ್ಚಿನ ಕಡೆ ಚರಂಡಿಯ ಒಳಗಿಂದಲೇ ಹಾದುಹೋಗಿರುತ್ತದೆ. ಜೋಡಣೆಗೆ ಸುತ್ತಿದ ಟ್ಯೂಬಿನ ತುಂಡು, ಅದರ ಮೇಲೆ ಬಾತ್‌ರೂಮಿನ ನೊರೆ. ಒಳಚರಂಡಿ ಇಲ್ಲದ ಬೀದಿಯಾದರೆ ಶೌಚಗುಂಡಿಯ ಒಸರು ಮಣ್ಣಿನಲ್ಲೇ ಇರುತ್ತದೆ. ಕಕ್ಕಡದಲ್ಲಿ ನೆಲ ನೀರು ಕುಡಿದು ಉಬ್ಬಿರುವಾಗ ಪೈಪಿನ ಸುತ್ತ ಒಣಜಾಗವೇ ಉಳಿದಿರುವುದಿಲ್ಲ. ಲೈನಿಗೇ ನೇರ ಮೋಟಾರ್ ಕೊಟ್ಟು ಎಳೆಯುವವರು ಈ ಕೆಲಸಕ್ಕೆ ಕೈಜೋಡಿಸಿದ ಹಾಗೆ. ಮೋಟಾರ್ ಎಳೆಯುವುದು ಪುರಸಭೆಯ ನೀರನ್ನು ಮಾತ್ರವಲ್ಲ.

ಇದು ಬರೀ ಊಹೆಯಲ್ಲ. ನಮ್ಮದೇ ರಾಜ್ಯದ ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು, ಉಳಿದ ಕಡೆ ಬಿಟ್ಟು ಬಿಟ್ಟು ಬರುವ ನೀರು ಇದ್ದಾಗ ಸಂಶೋಧಕರು ಎರಡೂ ಕಡೆಯ ನಲ್ಲಿಗಳ ನೀರನ್ನು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಸದಾ ನೀರು ಬರುವ ನಲ್ಲಿಗಳ ಮಾದರಿಗಳಲ್ಲಿ ಇ. ಕೋಲಿ ಸಿಕ್ಕಿದ್ದು ಶೇ 0.7ರಲ್ಲಿ. ಬಿಟ್ಟು ಬಿಟ್ಟು ಬರುವ ನಲ್ಲಿಗಳಲ್ಲಿ ಶೇ 31.7ರಲ್ಲಿ. ಅದೇ ಊರು, ಬೇರೆಯಾದದ್ದು ಪೈಪಿನೊಳಗಿನ ಒತ್ತಡ. ನೀರು ಬಿಟ್ಟ ಹೊಸತರಲ್ಲಿ ಬರುವ ಮೊದಲ ನೀರೇ ಹೆಚ್ಚು ಕೊಳೆ ಹೊತ್ತಿರುತ್ತದೆ. ಹಾಗಾಗಿ ನಲ್ಲಿ ಬಂದ ಕೂಡಲೇ ಬಿಂದಿಗೆ ಹಿಡಿಯುವ ಬದಲು ಮೊದಲ ಬಕೆಟ್ಟನ್ನು ಗಿಡಕ್ಕೋ ಬಚ್ಚಲಿಗೋ ಹಾಕಿ.

ಬೇಸಿಗೆಯಲ್ಲೂ ಬೆಳಗಿನ ಮೊದಲ ಚೊಂಬು ಕಂದಾಗಿ ಬಂದರೆ ಅದು ಹೊಳೆಯ ಮಣ್ಣಲ್ಲ, ಹಳೆಯ ಕಬ್ಬಿಣದ ಪೈಪಿನ ತುಕ್ಕು. ಮೆದು ನೀರು ಪೈಪನ್ನು ಹೆಚ್ಚು ತಿನ್ನುತ್ತದೆ. ಗುರುತಿಸುವುದು ಸುಲಭ: ಬಾಟಲಿಯಲ್ಲಿ ರಾತ್ರಿಯಿಡೀ ಇಟ್ಟರೆ ತುಕ್ಕು ತಳದಲ್ಲಿ ಪುಡಿಯಾಗಿ ಕೂರುತ್ತದೆ, ಬಿಳಿ ಬಟ್ಟೆಗೆ ಕಲೆ ಮಾಡುತ್ತದೆ. ಮಣ್ಣಿನ ಸಣ್ಣ ಕಣ ಬೆಳಗ್ಗೆಯೂ ತೇಲುತ್ತಲೇ ಇರುತ್ತದೆ.

ಕಡೆಯ ತಪ್ಪು ನಮ್ಮ ಮನೆಯದ್ದೇ

ಹೋದ ವರ್ಷ ಮನೆಯಲ್ಲಿ ಎಲ್ಲರಿಗೂ ಒಬ್ಬರಾದ ಮೇಲೊಬ್ಬರಿಗೆ ಹೊಟ್ಟೆ ಕೆಟ್ಟಿತ್ತು. ನೀರು ಬಿಡುವವರನ್ನು ನಾಲ್ಕು ದಿನ ಬೈದ ಮೇಲೆ ಸಂಪಿನ ಮುಚ್ಚಳ ತೆಗೆದು ನೋಡುವ ಬುದ್ಧಿ ಬಂತು. ತಳದಲ್ಲಿ ನಾಲ್ಕು ಬೆರಳು ದಪ್ಪದ ಕೆಂಪು ಕೆಸರು, ಬೆಣ್ಣೆಯ ಹಾಗೆ ನುಣ್ಣಗೆ. ಗೋಡೆಗೆ ಅಂಟಿದ ಲೋಳೆ. ಮುಚ್ಚಳದ ಸಂದಿಯಿಂದ ಬಿದ್ದ ಎರಡು ಕಪ್ಪೆ, ಒಂದು ಜೀವಂತ. ಸಂಪಿನ ಒಂದು ಮೂಲೆಯಿಂದ ಹತ್ತಡಿ ಮೇಲೆ ಪಕ್ಕದ ಮನೆಯ ಶೌಚಗುಂಡಿ. ಕಟ್ಟಿಸುವಾಗ ಇಬ್ಬರಿಗೂ ಅದು ಹೊಳೆದಿರಲಿಲ್ಲ.

ನಲ್ಲಿಯಲ್ಲಿ 0.2 ಮಿಲಿಗ್ರಾಂ ಕ್ಲೋರಿನ್ ಬಂದಿದ್ದರೂ ಆ ಕೆಸರಿಗೆ ಅದು ಅರ್ಧ ದಿನದ ಊಟ. ಮೂರು ದಿನ ಅದೇ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಿ ಕುಡಿದಿದ್ದೆವು. ಸಂಪು, ಟ್ಯಾಂಕುಗಳನ್ನು ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮೊದಲು ಒಮ್ಮೆ ಮತ್ತು ಮುಗಿದ ಮೇಲೆ ಒಮ್ಮೆ, ಖಾಲಿ ಮಾಡಿ ಉಜ್ಜಿ ತೊಳೆಯಬೇಕು. ತೊಳೆದು ತುಂಬಿಸಿದ ಮೇಲೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನು ಬೇರೆ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಸುರಿದು ಅರ್ಧ ಗಂಟೆ ಬಿಡಬೇಕು. ತೆರೆದ ಬಾವಿಗೂ ಇದೇ ಲೆಕ್ಕ.

ಕಾಯಿಲೆ ತಡವಾಗಿ ಬರುತ್ತದೆ

ನೀರಿನ ಮೇಲೆ ಯಾರಿಗೂ ಅನುಮಾನ ಬಾರದಿರಲು ಒಂದು ಕಾರಣವಿದೆ. ಕಾಲರಾ ಕೆಲವು ಗಂಟೆಗಳಿಂದ ಐದು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಟೈಫಾಯ್ಡ್‌ಗೆ ಒಂದರಿಂದ ಮೂರು ವಾರ. ಹೆಪಟೈಟಿಸ್ ಎ, ಅಂದರೆ ನೀರಿನಿಂದ ಬರುವ ಒಂದು ಬಗೆಯ ಕಾಮಾಲೆ, ಸರಾಸರಿ 28 ದಿನ ತೆಗೆದುಕೊಳ್ಳುತ್ತದೆ. ಜುಲೈಯ ನೀರಿಗೆ ಆಗಸ್ಟಿನಲ್ಲಿ ಕಣ್ಣು ಹಳದಿಯಾದರೆ ನಾವು ನಿನ್ನೆ ತಿಂದ ಹೋಟೆಲ್ ಊಟವನ್ನು ಬೈಯುತ್ತೇವೆ. ಒಂದೇ ಬೀದಿಯಲ್ಲಿ ಮೂರು ನಾಲ್ಕು ಮನೆಗೆ ಒಟ್ಟಿಗೆ ಬಂದಾಗ ಆಶಾ ಕಾರ್ಯಕರ್ತೆಗೆ ಹೇಳುವುದು ಇದಕ್ಕೇ ಮುಖ್ಯ. ಆಸ್ಪತ್ರೆಗೆ ಕಾಣುವುದು ಬಿಡಿ ಬಿಡಿ ರೋಗಿಗಳು, ಒಂದೇ ಪೈಪಿನ ನೀರು ಕುಡಿದವರು ಯಾರೆಂದು ಬೀದಿಯವರಿಗೇ ಗೊತ್ತು.

ಮನೆಯಲ್ಲಿ ಏನು ಮಾಡಬಹುದು?

ಕುದಿಸುವುದು ಎಲ್ಲಕ್ಕಿಂತ ಗಟ್ಟಿ. ಬ್ಯಾಕ್ಟೀರಿಯಾ, ವೈರಸ್, ಕ್ಲೋರಿನ್ನಿಗೆ ಬಗ್ಗದ ಪರಾವಲಂಬಿಗಳು, ಎಲ್ಲವೂ ಸಾಯುತ್ತವೆ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, ಹತ್ತಿಪ್ಪತ್ತು ನಿಮಿಷ ಗ್ಯಾಸ್ ಸುಡುವುದು ದಂಡ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, 96ರ ಆಸುಪಾಸಿನಲ್ಲಿ. ಅಷ್ಟೂ ಧಾರಾಳವಾಯಿತು. ಮಸುಕಾಗಿದ್ದರೆ ಮೊದಲು ತಿಳಿಯಾಗಲು ಬಿಟ್ಟು, ದಪ್ಪ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ ಆಮೇಲೆ ಕುದಿಸಿ. ನಾವೆಲ್ಲ ಮಾಡುವ ಒಂದು ತಪ್ಪು: ಕುದಿಸಿದ್ದು ಬಿಸಿ ಇದೆಯೆಂದು ಅದಕ್ಕೆ ಅರ್ಧ ಲೋಟ ತಣ್ಣೀರು ಬೆರೆಸುವುದು. ಕೆಲವು ಹೋಟೆಲುಗಳಲ್ಲಿ "ಬಿಸಿನೀರು" ಎಂದು ಕೊಡುವುದೂ ಇದನ್ನೇ. ಮಾಡಿದ್ದೆಲ್ಲ ಅಲ್ಲಿಗೆ ನೀರುಪಾಲು. ಬಚ್ಚಲ ಹಂಡೆಯ ನೀರು ಸ್ನಾನಕ್ಕೆ ಹದವಾದೀತು, ಕುದ್ದಿರುವುದಿಲ್ಲ, ಅದನ್ನು ಕುಡಿಯಲು ತೆಗೆಯಬೇಡಿ.

ಪಿಂಗಾಣಿ ಕ್ಯಾಂಡಲಿನ ಫಿಲ್ಟರ್ ಮಣ್ಣನ್ನೂ ಎಷ್ಟೋ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ, ವೈರಸ್ಸಿಗೆ ಅದು ಸಾಲದು. ಯುವಿ ದೀಪದ ಯಂತ್ರ ಒಳ್ಳೆಯದು, ಆದರೆ ನೀರು ತಿಳಿಯಾಗಿರಬೇಕು, ಕರೆಂಟೂ ಇರಬೇಕು. ಮರ ಬಿದ್ದು ಮೂರು ದಿನ ಕರೆಂಟಿಲ್ಲದ ನಮ್ಮ ಮಳೆಗಾಲದಲ್ಲಿ ಅದೂ ಗೋಡೆಯ ಅಲಂಕಾರ.

ಆರ್‌ಒ, ಅಂದರೆ ನೀರನ್ನು ಒತ್ತಡದಲ್ಲಿ ಸೂಕ್ಷ್ಮ ಪೊರೆಯ ಮೂಲಕ ಸೋಸಿ ಲವಣ ತೆಗೆಯುವ ಯಂತ್ರ, ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಮೊತ್ತ ಟಿಡಿಎಸ್. ಮಾನದಂಡದಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಚಿಂತೆಯಿಲ್ಲ. ಆರ್‌ಒ ಹುಟ್ಟಿದ್ದೇ ಉಪ್ಪುನೀರಿನ ಸೀಮೆಗಾಗಿ. ನಮ್ಮ ಹೊಳೆ ನೀರಿನ ಟಿಡಿಎಸ್ ಸಾಮಾನ್ಯವಾಗಿ 100ರ ಒಳಗೇ ಇರುತ್ತದೆ. ಇಲ್ಲದ ಉಪ್ಪನ್ನು ತೆಗೆಯಲು ಆ ಯಂತ್ರ ಒಂದು ಪಾಲು ನೀರು ಕೊಟ್ಟು ಎರಡು ಮೂರು ಪಾಲನ್ನು ಚರಂಡಿಗೆ ಬಿಡುತ್ತದೆ. ನಮ್ಮ ಮನೆಗೆ ಆರ್‌ಒ ಮಾರುವ ಹುಡುಗನೊಬ್ಬ ಬಂದಿದ್ದ. ನಲ್ಲಿ ನೀರಿನ ಲೋಟದಲ್ಲಿ ಎರಡು ಲೋಹದ ಕಡ್ಡಿ ಇಳಿಸಿ ಕರೆಂಟ್ ಕೊಟ್ಟ, ನೀರು ಕಂದು ಗಸಿಯಾಯಿತು. ತನ್ನ ಯಂತ್ರದ ನೀರಿಗೆ ಇಳಿಸಿದ, ಏನೂ ಆಗಲಿಲ್ಲ. "ನೋಡಿ ಅಮ್ಮ, ನೀವು ಕುಡಿತಿರೋದು ಇದು" ಎಂದ. ಅಮ್ಮ ಹೌಹಾರಿದರು. ಅಸಲಿಗೆ ಆ ಕಂದು ಬಂದದ್ದು ಕಡ್ಡಿಯ ಕಬ್ಬಿಣದಿಂದ. ಲವಣವಿರುವ ನೀರಿನಲ್ಲಿ ಕರೆಂಟ್ ಹರಿದು ಕಬ್ಬಿಣ ಕರಗುತ್ತದೆ, ಲವಣವಿಲ್ಲದ ನೀರಿನಲ್ಲಿ ಕರೆಂಟೇ ಹರಿಯುವುದಿಲ್ಲ. ಟಿಡಿಎಸ್ ತೋರಿಸುವ ಪೆನ್ನೂ ಅಷ್ಟೇ, ರೋಗಾಣು ಅದರ ಕಣ್ಣಿಗೆ ಬೀಳುವುದಿಲ್ಲ. ಟಿಡಿಎಸ್ 40 ತೋರಿಸಿದ ಲೋಟದಲ್ಲಿ ಟೈಫಾಯ್ಡ್ ಹಾಯಾಗಿ ಇರಬಹುದು.

ಪರೀಕ್ಷೆ ಮಾಡಿಸುವುದಾದರೆ

ನೀರಿನ ಪರೀಕ್ಷೆ ಎರಡು ಬಗೆ. ರಾಸಾಯನಿಕ ಪರೀಕ್ಷೆ ಕಬ್ಬಿಣ, ನೈಟ್ರೇಟ್, ಗಡಸುತನ, ಪಿಎಚ್ ಇತ್ಯಾದಿ ಹೇಳುತ್ತದೆ. ಬೋರ್‌ವೆಲ್ಲಿನವರಿಗೆ ಇದು ಬೇಕು. ನಲ್ಲಿಯವರಿಗೆ ಮುಖ್ಯವಾದದ್ದು ಬ್ಯಾಕ್ಟೀರಿಯಾ ಪರೀಕ್ಷೆ. ಇದಕ್ಕೆ ಮನೆಯ ಮಿನರಲ್ ವಾಟರ್ ಬಾಟಲಿಯಲ್ಲಿ ನೀರು ಒಯ್ದರೆ ಆಗದು. ಪ್ರಯೋಗಾಲಯದವರು ಕೊಡುವ ಕ್ರಿಮಿಶುದ್ಧ ಬಾಟಲಿ ಬೇಕು. ಅದರಲ್ಲಿ ಕ್ಲೋರಿನ್ನನ್ನು ತಡೆಯುವ ಪುಡಿಯೊಂದು ಇರುತ್ತದೆ, ಇಲ್ಲದಿದ್ದರೆ ದಾರಿಯಲ್ಲಿ ಕ್ಲೋರಿನ್ ಕೆಲಸ ಮುಂದುವರಿಸಿ ಸುಳ್ಳು ಒಳ್ಳೆಯ ಫಲಿತಾಂಶ ಬರುತ್ತದೆ. ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಬೇಕು. ವರದಿಯಲ್ಲಿ 100 ಮಿಲಿಲೀಟರಿಗೆ ಇ. ಕೋಲಿ ಎಂಬ ಸಾಲನ್ನು ಮೊದಲು ಓದಿ. ಅಲ್ಲಿ "ಪತ್ತೆಯಾಗಿಲ್ಲ" ಎಂದಿರಬೇಕು, ಬೇರೆ ಯಾವ ಸಂಖ್ಯೆಯೂ ಒಪ್ಪತಕ್ಕದ್ದಲ್ಲ.

ಅಷ್ಟೆಲ್ಲ ಆಗದವರಿಗೆ ಸರಳ ಉಪಾಯವೂ ಇದೆ. ಹೈಡ್ರೋಜನ್ ಸಲ್ಫೈಡ್ ಬಾಟಲಿ ಎಂಬ ಸಣ್ಣ ಸೀಸೆಗೆ ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟರೆ ಮಲದ ಬ್ಯಾಕ್ಟೀರಿಯಾ ಇದ್ದಲ್ಲಿ ಒಂದೆರಡು ದಿನದಲ್ಲಿ ನೀರು ಕಪ್ಪಾಗುತ್ತದೆ. 1982ರಲ್ಲಿ ಭಾರತೀಯ ವಿಜ್ಞಾನಿಗಳೇ ರೂಪಿಸಿದ ಪರೀಕ್ಷೆ ಇದು. ಹಳ್ಳಿಗಳಲ್ಲಿ ಮಹಿಳೆಯರಿಗೆ ತರಬೇತಿ ಕೊಟ್ಟು ಇದನ್ನೇ ಮಾಡಿಸುತ್ತಾರೆ. ನಮ್ಮ ಚಳಿಗೆ ಬೆಚ್ಚಗಿನ ಜಾಗ ಎಂದರೆ ಒಲೆಯ ಹತ್ತಿರದ ಅಟ್ಟವೇ ಸರಿ.

ಶೇಷ ಕ್ಲೋರಿನ್ ನೋಡುವುದಂತೂ ಎರಡು ನಿಮಿಷದ ಕೆಲಸ. ಗಾಜಿನ ಕೊಳವೆಗೆ ನಲ್ಲಿ ನೀರು ಹಿಡಿದು ಕೆಲವು ಹನಿ ದ್ರಾವಣ ಬಿಟ್ಟರೆ ಹಳದಿ ಬಣ್ಣ ಬರುತ್ತದೆ. ಹಳದಿ ಗಾಢವಾದಷ್ಟೂ ಕ್ಲೋರಿನ್ ಹೆಚ್ಚು. ನಿಮ್ಮ ಪುರಸಭೆಯನ್ನೋ ಪಂಚಾಯಿತಿಯನ್ನೋ ಕೇಳುವುದಿದ್ದರೆ "ಕ್ಲೋರಿನ್ ಹಾಕ್ತೀರಾ" ಎಂದು ಕೇಳಬೇಡಿ, ಹಾಕುತ್ತೇವೆ ಎಂದೇ ಹೇಳುತ್ತಾರೆ, ಅದು ನಿಜವೂ ಇರುತ್ತದೆ. "ಲೈನಿನ ಕೊನೆಯ ಮನೆಯಲ್ಲಿ ಎಷ್ಟಿದೆ" ಎಂದು ಕೇಳಿ.

ನಮ್ಮ ಬೀದಿಯ ಕೊನೆಯ ಮನೆ ಏರಿನ ಮೇಲಿದೆ, ಒಬ್ಬ ಅಜ್ಜಿಯದ್ದು. ಹೋದ ತಿಂಗಳು ನೀರು ಬಿಡುವ ಅಣ್ಣ ಈ ಪರೀಕ್ಷೆಯ ಕ್ಲೋರೋಸ್ಕೋಪ್ ಡಬ್ಬಿ ಹಿಡಿದು ಅಲ್ಲಿಗೆ ಹೋದಾಗ ನಾನೂ ಹಿಂದೆ ಹೋಗಿದ್ದೆ. ಮಳೆ ಎರಡು ದಿನ ಬಿಟ್ಟಿತ್ತು, ನಲ್ಲಿಯಲ್ಲಿ ನೀರು ತಿಳಿಯಾಗಿ ಬರುತ್ತಿತ್ತು. ಅವರು ಕೊಳವೆಗೆ ಹನಿ ಬಿಟ್ಟು ಅಲುಗಾಡಿಸಿ ಬೆಳಕಿಗೆ ಹಿಡಿದರು. ಅಜ್ಜಿ ಜಗಲಿಯಿಂದಲೇ ಕೇಳಿದರು, "ಏನಪ್ಪ, ಹಳದಿ ಬಂತಾ?"

"ಇಲ್ಲ ಅಜ್ಜಿ, ಬಂದಿಲ್ಲ. ಕೆಳಗೆ ಆ ಮೋರಿ ಹತ್ರ ಎಲ್ಲೋ ಒಡೆದಿರಬೇಕು. ಅದು ಸರಿಯಾಗೋವರೆಗೆ ಕುದಿಸಿಯೇ ಕುಡೀರಿ" ಎಂದು ಅವರು ಕೊಳವೆಯ ನೀರನ್ನು ಅಂಗಳಕ್ಕೆ ಚೆಲ್ಲಿ ಇಳಿಜಾರಿನಲ್ಲಿ ಮೋರಿಯ ಕಡೆಗೆ ಹೊರಟರು.